ಸೌಂಡ್ ಸಾಲದ ಸ್ಯಾಕ್ಸೊಫೋನ್

“ಸೌಂಡ್ ಸಾಲದು ಮೇಡಂ.”

ನಿರ್ಮಾಪಕರು ನಾಲ್ಕನೆಯ ಸಲ ಹೀಗೆ ಹೇಳಿದಾಗ ನಾನು ಮಣಿಪಾಲದ ನನ್ನ ಸ್ಟುಡಿಯೋದ ಬಾಗಿಲು ತೆರೆದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅವರು ಉಚ್ಚಿಲದಿಂದ ಕಾಪುವಿನ ಕಡೆಗೆ ಕಾರು ಓಡಿಸುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಹಿಂದಿನ ಸಂಜೆ ನಾನು ಕಳಿಸಿದ್ದ ಸ್ಯಾಕ್ಸೊಫೋನ್ ಆಲಾಪನೆ ಟೈರಿನ ಸದ್ದಿನ ಅಡಿಯಲ್ಲಿ ಎಲ್ಲೋ ಕೇಳುತ್ತಿತ್ತು.

“ಈಗ ಕೇಳಿ. ಇದರ ಹಿಂದೆಯೇ ಬೇರೆಯವರ ಹಾಡು ಹಾಕ್ತೇನೆ.”

ಫೋನಿನಿಂದ ಒಮ್ಮೆಲೇ ಸದ್ದು ಸಿಡಿಯಿತು. ನಾನು ಅದನ್ನು ಕಿವಿಯಿಂದ ದೂರ ಹಿಡಿದೆ.

“ಗೊತ್ತಾಯ್ತಾ? ನಾನು ವಾಲ್ಯೂಮ್ ಮುಟ್ಟಲೇ ಇಲ್ಲ. ನಮ್ಮದು ಪಕ್ಕದ ಮನೆಯಲ್ಲಿ ಊದಿದ ಹಾಗೆ ಉಂಟು ಮಾರಾಯ್ರೆ.”

ಅವರು ಸಂಗೀತ ಗೊತ್ತಿಲ್ಲದ ಮನುಷ್ಯರಲ್ಲ. ಬಹಳ ವರ್ಷ ಗಲ್ಫ್‌ನಲ್ಲಿದ್ದು ಬಂದು, ಹೆದ್ದಾರಿಯ ಬದಿಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡವರು. ಊರಿನ ಕಲಾವಿದರ ಸಂಗೀತವನ್ನು ಮುದ್ರಿಸಿ ತಮ್ಮದೇ ಚಾನೆಲ್ಲಿನಲ್ಲಿ ಹಾಕುವುದು ಅವರ ಹುಚ್ಚು. ಈ ಸ್ಯಾಕ್ಸೊಫೋನ್ ವಾದಕರು ಅವರ ಮದುವೆಯಲ್ಲಿ ಊದಿದ್ದರಂತೆ. “ಮದುವೆ ಹಾಲಿನ ಹೊರಗೆ ರಸ್ತೆಯವರೆಗೆ ಕೇಳ್ತಿತ್ತು. ಆ ಸೌಂಡ್ ನನಗೆ ಬೇಕು,” ಎಂದು ಮೊದಲ ದಿನವೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಆಗ ಇನ್ನೂ ವಾದಕರನ್ನು ಭೇಟಿಯಾಗಿರಲಿಲ್ಲ.

ವಾದಕರು ಕಾರ್ಕಳದ ಪಕ್ಕದ ಕುಕ್ಕುಂದೂರಿನವರು. ನಲವತ್ತು ವರ್ಷ ಮದುವೆ ಹಾಲುಗಳಲ್ಲಿ, ದೇವಸ್ಥಾನಗಳಲ್ಲಿ, ಗೃಹಪ್ರವೇಶಗಳಲ್ಲಿ ಊದಿದವರು. ಮುದ್ರಣದ ಮೊದಲ ಬೆಳಿಗ್ಗೆ ಪೆಟ್ಟಿಗೆ ತೆರೆಯುವುದಕ್ಕೆ ಮುಂಚೆ ಅವರು ಬಾಯಿ ತೆರೆದು ಮೇಲಿನ ಎರಡು ಹಲ್ಲುಗಳನ್ನು ಬೆರಳಿನಿಂದ ಅಲುಗಿಸಿ ತೋರಿಸಿದರು. ಸ್ಯಾಕ್ಸೊಫೋನಿನ ಬಾಯಿಗಿಡುವ ಮೂತಿ ನಿಲ್ಲುವುದೇ ಆ ಎರಡು ಹಲ್ಲುಗಳ ಮೇಲೆ.

“ಬರುವ ವಾರ ತೆಗೀತಾರೆ ಮೇಡಂ, ಎದುರಿನ ನಾಲ್ಕೂ. ಹಲ್ಲಿನ ಸೆಟ್ ಹಾಕಿದ ಮೇಲೆ ಊದಬಹುದು ಅಂತ ಡಾಕ್ಟ್ರು ಹೇಳ್ತಾರೆ. ಡಾಕ್ಟ್ರು ಊದುವುದಿಲ್ಲ ಅಲ್ವಾ, ಅವರಿಗೆ ಎಂತ ಗೊತ್ತು?”

ಮೂತಿಯ ಮೇಲೆ ಸೈಕಲ್ ಟ್ಯೂಬಿನ ಚೂರೊಂದನ್ನು ಅಂಟಿಸಿಕೊಂಡಿದ್ದರು, ಕಂಪನ ಹಲ್ಲಿನ ಬೇರಿಗೆ ತಾಗದಿರಲೆಂದು. ಎರಡು ದಿನ, ಆರು ರಾಗ. ಅವರ ಸ್ವಂತ ಹಲ್ಲಿನ ಕೊನೆಯ ಆರು ರಾಗಗಳು ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು: ಅವರಿಗೆ, ಅವರ ಜೊತೆ ಬಂದಿದ್ದ ಡೋಲಿನವರಿಗೆ, ನನಗೆ.

ಮೊದಲು ಅವರು ಊದಿದ್ದು ಹಾಲಿನಲ್ಲಿ ಊದುವ ಹಾಗೆಯೇ. ಸದ್ದು ಅಳೆಯುವ ಮೀಟರು ಕೆಂಪಿಗೆ ಹಾರಿತು. ಮೈಕನ್ನು ಒಂದು ಮಾರು ಹಿಂದಕ್ಕೆ ಸರಿಸಿದೆ, ಗೋಡೆಗೆ ದಪ್ಪ ಕಂಬಳಿ ತೂಗಿಹಾಕಿದೆ. ಕಾಲು ಗಂಟೆಯಲ್ಲಿ ಅವರ ಮುಖ ಬಿಳುಚಿಕೊಂಡಿತು. ಹಲ್ಲು ನೋಯುತ್ತಿತ್ತು. ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಲಿ ಎಂದು ನಾನು ಅವರಿಗೆ ಹೆಡ್‌ಫೋನ್ ಕೊಟ್ಟೆ. ಇಷ್ಟು ವರ್ಷಗಳಲ್ಲಿ ಅವರು ಅದನ್ನು ಹಾಕಿಕೊಂಡೇ ಇರಲಿಲ್ಲವಂತೆ. ಹಾಕಿಕೊಂಡು ಸುಮ್ಮನೆ ಮೂತಿಗೆ ಉಸಿರು ಬಿಟ್ಟರು. ಸ್ವರ ಹುಟ್ಟಲಿಲ್ಲ, ಬರೀ ಗಾಳಿ.

“ಇದು ನನ್ನದಾ?” ಎಂದು ನನ್ನ ಕಡೆ ನೋಡಿದರು.

ಹೌದೆಂದೆ. ಅವರು ಮತ್ತೆ ಉಸಿರು ಬಿಟ್ಟರು, ಅದರ ತುದಿಯಲ್ಲಿ ಒಂದು ಸ್ವರವನ್ನು ಕೂರಿಸಿದರು. ಹಲ್ಲನ್ನು ಒತ್ತದೆ, ತುಟಿಯಿಂದಷ್ಟೇ ಹಿಡಿದ ಸ್ವರ. ನಾನು ಮೆಲ್ಲನೆ ರೆಕಾರ್ಡ್ ಒತ್ತಿದೆ. ಆನಂದಭೈರವಿ ಹಾಗೆ ಶುರುವಾಯಿತು. ಎಲ್ಲಿ ಗಾಳಿ ಮುಗಿದು ಎಲ್ಲಿ ಸ್ವರ ಮೊದಲಾಯಿತು ಎಂದು ಇವತ್ತಿಗೂ ನನಗೆ ಗೆರೆ ಎಳೆಯಲು ಆಗುವುದಿಲ್ಲ. ಹತ್ತು ನಿಮಿಷದ ಆ ಆಲಾಪನೆ ಪಿಸುಮಾತಿನಿಂದ ಏರುತ್ತ ಹೋಗಿ, ಡೋಲು ಸೇರುವಾಗ ಮಾತ್ರ ಪೂರ್ತಿ ಎದೆ ತೆರೆದು, ಮತ್ತೆ ಇಳಿಯಿತು.

ಮುಗಿದಾಗ ಅವರು ಹೆಡ್‌ಫೋನ್ ತೆಗೆದು ಹೇಳಿದರು, “ನಲವತ್ತು ವರ್ಷದಲ್ಲಿ ಯಾರೂ ನನ್ನ ಹತ್ತಿರ ಮೆಲ್ಲ ಊದಿ ಅಂತ ಹೇಳಿದ್ದಿಲ್ಲ. ಹಾಲಿನಲ್ಲಿ ಊಟದ ಗಲಾಟೆ ಇರ್ತದೆ. ಮೆಲ್ಲ ಊದಿದರೆ ನನಗೇ ಕೇಳುವುದಿಲ್ಲ.”

ಈ ಆನಂದಭೈರವಿಯ ಬಗ್ಗೆಯೇ ನಿರ್ಮಾಪಕರು ಸೌಂಡ್ ಸಾಲದು ಎನ್ನುತ್ತಿದ್ದದ್ದು.

ನನ್ನ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಮುದ್ರಿಸಿದ ಸಂಗೀತಕ್ಕೆ ಮೇಲೊಂದು ಚಾವಣಿ ಉಂಟು. ಅದನ್ನು ದಾಟಿದರೆ ಸ್ವರ ಒಡೆಯುತ್ತದೆ. ಅತಿ ಜೋರಿನ ಪೆಟ್ಟು ಆ ಚಾವಣಿಗೆ ತಾಗುವ ಹಾಗೆ ಇಟ್ಟರೆ ಮೆಲ್ಲಗಿನದ್ದು ತಾನಾಗಿ ಕೆಳಗೆ ಉಳಿಯುತ್ತದೆ. ಎಲ್ಲವೂ ಜೋರಾಗಬೇಕಾದರೆ ಒಂದೇ ದಾರಿ: ಏರಿದ್ದರ ತಲೆಯನ್ನು ಒತ್ತಿ ಹಿಡಿದು, ಉಳಿದದ್ದನ್ನೆಲ್ಲ ಮೇಲಕ್ಕೆ ನೂಕುವುದು. ಲಿಮಿಟರ್ ಎಂಬ ಸಾಧನ ಮಾಡುವುದು ಅದನ್ನೇ. ಸ್ವಲ್ಪ ಬಳಸಿದರೆ ತಿಳಿಯುವುದಿಲ್ಲ. ಬಹಳ ಬಳಸಿದರೆ ಕೇಳುವವರಿಗೆ ಏನು ಕಳೆದುಹೋಯಿತೆಂದು ತಿಳಿಯುವುದಿಲ್ಲ, ಸುಸ್ತು ಮಾತ್ರ ಆಗುತ್ತದೆ.

ಐದನೆಯ ಪ್ರತಿಯಲ್ಲಿ ಮೂರು ಡೆಸಿಬೆಲ್ ಒತ್ತಿದೆ. ಸಾಲದು ಎಂದರು. ಆರನೆಯದರಲ್ಲಿ ಮತ್ತೆ ಮೂರು. ಡೋಲಿನ ಪೆಟ್ಟು ಒದ್ದೆ ಚಾಪೆಯನ್ನು ಕೋಲಿನಿಂದ ಹೊಡೆದ ಹಾಗಾಯಿತು. ಎರಡು ಸ್ವರಗಳ ನಡುವೆ ಅವರು ತೆಗೆದುಕೊಂಡ ಉಸಿರು ಸ್ವರದಷ್ಟೇ ದೊಡ್ಡದಾಗಿ, ಯಾರೋ ಏದುಸಿರು ಬಿಡುತ್ತಿರುವಂತೆ ಕೇಳಿಸಿತು. ಮೌನವಿದ್ದ ಕಡೆ ಕೋಣೆಯ ಗುಂಯ್‌ಗುಡುವಿಕೆ ಎದ್ದು ಬಂತು. ಅದನ್ನು ಕತ್ತರಿಸಿದೆ, ಕತ್ತರಿಸಿದ ಗಾಯ ಕಾಣದಿರಲೆಂದು ಸ್ವಲ್ಪ ಪ್ರತಿಧ್ವನಿ ಸೇರಿಸಿದೆ, ಅದು ಮತ್ತೆ ಗದ್ದಲವಾಯಿತು.

ಆ ದಿನಗಳಲ್ಲಿ ನಾನು ಒಂದು ಕಡೆ ಕೂತದ್ದೇ ಇಲ್ಲ. ಅಡುಗೆಮನೆಯಲ್ಲಿ ಮೊಬೈಲಿನ ಸ್ಪೀಕರಿನಲ್ಲಿ ಕೇಳಿದೆ. ಕೆಮ್ಮಣ್ಣಿನಲ್ಲಿ ಅಕ್ಕನ ಮನೆಗೆ ಹೋದಾಗ ಹೊಳೆಬದಿಯಲ್ಲಿ ನಿಂತು ಇಯರ್‌ಫೋನಿನಲ್ಲಿ ಕೇಳಿದೆ. ಅಕ್ಕ ಊಟಕ್ಕೆ ಕರೆದದ್ದು ಕೇಳಲಿಲ್ಲವೆಂದು ಬಂದು ಭುಜ ಹಿಡಿದು ತಿರುಗಿಸಿದಳು. ಬಲಗಿವಿಯಲ್ಲಿ ಸಣ್ಣಗೆ ಕೀರಲು ಸದ್ದು ಶುರುವಾಗಿತ್ತು. ಬಟ್ಟೆ ಒಣಹಾಕುವಾಗ, ಬಸ್ಸಿಗೆ ಕಾಯುವಾಗ, ಯಾವಾಗಲೂ. ಕೇಳಿದ್ದನ್ನು ನಂಬಬೇಕೋ ಬೇಡವೋ ತಿಳಿಯದಾಯಿತು. ಬಹುಶಃ ನಿರ್ಮಾಪಕರೇ ಸರಿ, ನನ್ನ ಕಿವಿಯೇ ಹಾಳಾಗಿದೆ, ಇಷ್ಟು ವರ್ಷ ಹೆಡ್‌ಫೋನ್ ಹಾಕಿಕೊಂಡಿದ್ದರ ಫಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಅನುಕೂಲವೂ ಇತ್ತು. ಕಿವಿ ಸರಿಯಿಲ್ಲದವಳು ವಾದ ಮಾಡಬೇಕಾಗಿಲ್ಲ.

ಆರೂ ರಾಗಗಳನ್ನು ಇನ್ನಷ್ಟು ಒತ್ತಿ ಏಳನೆಯ ಪ್ರತಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. “ಈಗ ಸರಿ ಉಂಟು. ಭಾನುವಾರ ಚಾನೆಲ್ಲಿಗೆ ಹಾಕ್ತೇನೆ.”

ವಾದಕರಿಗೂ ಅದನ್ನೇ ಕಳಿಸಿದ್ದೆ. ಅವರು ಫೋನ್ ಮಾಡಲಿಲ್ಲ. ಮರುದಿನ ಕಾರ್ಕಳದಿಂದ ಬಸ್ಸು ಹತ್ತಿ ಬಂದರು, ಶರ್ಟಿಗೆ ಇಸ್ತ್ರಿ ಹಾಕಿಕೊಂಡು.

“ಮೊಬೈಲಿನಲ್ಲಿ ಸರಿ ಕೇಳುವುದಿಲ್ಲ. ಆ ದಿನ ಕಿವಿಗೆ ಹಾಕಿದ್ರಲ್ಲ, ಅದರಲ್ಲಿ ಒಮ್ಮೆ ಹಾಕ್ತೀರಾ?”

ಹಾಕಿದೆ. ಅವರು ಕಣ್ಣು ಮುಚ್ಚಿ ಕೂತರು. ಎರಡು ನಿಮಿಷಕ್ಕೆ ಕಣ್ಣು ತೆರೆದರು. ಪೂರ್ತಿ ಕೇಳಲಿಲ್ಲ.

“ಇದು ಮದುವೆ ಹಾಲಿನದ್ದೇ ಆಯ್ತಲ್ಲ.”

“ನಿರ್ಮಾಪಕರು ಹಾಗೆ ಬೇಕು ಅಂತ ಹೇಳಿದರು.”

“ಹೌದು, ಹೌದು. ಪರವಾಗಿಲ್ಲ. ಜನಕ್ಕೆ ನಾನು ಹೀಗೇ ಗೊತ್ತು.” ಹೆಡ್‌ಫೋನ್ ತೆಗೆದಿಟ್ಟು, “ನನಗೆ ಆ ದಿನ ಬೇರೆ ಎಂತದೋ ಕೇಳಿದ ಹಾಗೆ ಆಗಿತ್ತು. ಹಲ್ಲು ನೋವಿಗೆ ಹಾಗೆ ಅನಿಸಿದ್ದು ಕಾಣ್ತದೆ,” ಎಂದರು.

ಕಾಫಿ ಬೇಡವೆಂದರು. ನಾಳೆ ಬೆಳಿಗ್ಗೆ ಹಲ್ಲು ತೆಗೆಸುವುದೆಂದು ಹೇಳಿ ಮೆಟ್ಟಿಲಿಳಿದು ಹೋದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ತಾನು ಊದಿದ್ದು ತನ್ನ ಭ್ರಮೆಯೆಂದು ಅವರು ನಂಬಿಕೊಂಡು ಹೋದರು, ಅದನ್ನು ನಂಬಿಸಿದವಳು ನಾನು.

ಅವತ್ತೇ ಮಧ್ಯಾಹ್ನ ಕಿವಿ ಪರೀಕ್ಷೆಗೆ ಹೋದೆ. ಸದ್ದಿಲ್ಲದ ಸಣ್ಣ ಕೋಣೆ, ಗಾಜಿನಾಚೆ ಒಬ್ಬ ಯುವ ವೈದ್ಯೆ. ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಕೆಲವು ಬೀಪುಗಳು ಕೇಳಿದವೋ ನಾನೇ ಕಲ್ಪಿಸಿಕೊಂಡೆನೋ ಎಂಬಷ್ಟು ಸಣ್ಣವು. ಹೊರಗೆ ಬಂದಾಗ ಆಕೆ ಗೆರೆ ಎಳೆದ ಕಾಗದವನ್ನು ನನ್ನ ಕಡೆ ತಿರುಗಿಸಿದರು.

“ಕಿವಿ ಸರಿ ಉಂಟು. ನಿಮ್ಮ ಪ್ರಾಯಕ್ಕೆ ಹೋಲಿಸಿದರೆ ಚೆನ್ನಾಗಿಯೇ ಉಂಟು. ಕೀರುವುದು ದಣಿವಿಗೆ. ಒಂದೇ ಸಮ ಜೋರಿನದ್ದು ಕೇಳ್ತಾ ಇದ್ದೀರಾ?”

“ಹೌದು.”

“ಮೂರು ದಿನ ನಿಲ್ಲಿಸಿ ನೋಡಿ.”

ಸಂತೋಷಪಡಬೇಕಿತ್ತು. ಆದರೆ ಕಾಗದ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ನನಗೆ ನಾಚಿಕೆಯಾಯಿತು. ಕಿವಿ ಸರಿ ಇತ್ತು. ಏಳನೆಯ ಪ್ರತಿ ಕೆಟ್ಟದ್ದೆಂದು ನನ್ನ ಕಿವಿ ಮೊದಲಿನಿಂದಲೂ ಹೇಳುತ್ತಲೇ ಇತ್ತು. ಕೇಳಿಯೂ ಕೇಳದವಳ ಹಾಗೆ ಇದ್ದೆ, ಅಷ್ಟೆ.

ರಸ್ತೆಬದಿಯಲ್ಲೇ ನಿಂತು ನಿರ್ಮಾಪಕರಿಗೆ ಫೋನ್ ಮಾಡಿದೆ. ಭಾನುವಾರ ಹಾಕಬೇಡಿ, ಹೊಸದಾಗಿ ಮಾಡಿಕೊಡುತ್ತೇನೆ ಎಂದೆ.

“ಎಂತಕ್ಕೆ? ನನಗೆ ಸರಿ ಉಂಟಲ್ಲ.”

“ನನಗೆ ಸರಿ ಇಲ್ಲ. ಇದನ್ನೇ ಹಾಕುವುದಾದರೆ ನನ್ನ ಹೆಸರು ತೆಗೆದುಬಿಡಿ.”

“ನೀವು ನನ್ನನ್ನು ಹೆದರಿಸ್ತಾ ಇದ್ದೀರಾ ಮೇಡಂ?”

“ಇಲ್ಲ. ಹೆದರಿದ್ದು ನಾನು. ನನಗೆ ನಾಲ್ಕು ದಿನ ಕೊಡಿ. ಆಮೇಲೆ ನಿಮ್ಮ ಕಾರಿನಲ್ಲೇ ಕೂತು ಕೇಳುವ. ಕೇಳಿದ ಮೇಲೆ ನೀವು ಯಾವುದನ್ನು ಹೇಳ್ತೀರೋ ಅದು.”

ವೈದ್ಯೆ ಹೇಳಿದಂತೆ ಮೂರು ದಿನ ಏನನ್ನೂ ಕೇಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮೂಲ ಮುದ್ರಣಗಳನ್ನು ತೆರೆದೆ. ಐದು ರಾಗಗಳು ಹೇಗಿದ್ದವೋ ಹಾಗೇ ಇದ್ದವು, ಏರು ಇಳಿತವೆಲ್ಲ ಪರದೆಯ ಮೇಲೆ ಕಾಣುತ್ತಿತ್ತು. ಆರನೆಯದು ಮೋಹನ. ಅದನ್ನು ತೆರೆದವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಕತ್ತರಿ ಹಾಕಿ ಸಮ ಮಾಡಿದ ಬೇಲಿಯ ಹಾಗೆ ಅದರ ತಲೆಯುದ್ದಕ್ಕೂ ಚಪ್ಪಟೆ.

ನೆನಪಾಯಿತು. ಎರಡನೆಯ ಸಂಜೆ ಡೋಲಿನವರು ಹುರುಪಿನಲ್ಲಿದ್ದರು. ಪೆಟ್ಟು ಕೆಂಪಿಗೆ ಹೋಗಿ ಮುದ್ರಣ ಹಾಳಾದೀತೆಂಬ ಭಯಕ್ಕೆ, ಮುದ್ರಿಸಿಕೊಳ್ಳುವ ದಾರಿಯಲ್ಲೇ ಲಿಮಿಟರ್ ಇಟ್ಟುಬಿಟ್ಟಿದ್ದೆ. ಮುದ್ರಿಸಿದ ಮೇಲೆ ಒತ್ತಿದ್ದನ್ನು ಬಿಡಿಸಬಹುದು. ಮುದ್ರಿಸುವಾಗಲೇ ಒತ್ತಿದ್ದನ್ನು ಬಿಡಿಸಲಾಗುವುದಿಲ್ಲ, ಅಲ್ಲಿ ಇದ್ದದ್ದು ಎಲ್ಲಿಯೂ ಉಳಿದಿರುವುದಿಲ್ಲ. ವಾದಕರ ಹಲ್ಲು ತೆಗೆದು ಆಗಲೇ ಮೂರು ದಿನವಾಗಿತ್ತು. ಆರರಲ್ಲಿ ಅವರು ಎಲ್ಲಕ್ಕಿಂತ ಚೆನ್ನಾಗಿ ಊದಿದ್ದು ಆ ಮೋಹನವನ್ನೇ. ಇದಕ್ಕೆ ನಿರ್ಮಾಪಕರು ಕಾರಣವಲ್ಲ. ಅವರು ಸಾಲದು ಎಂಬ ಮಾತು ಆಡುವುದಕ್ಕೂ ಮುಂಚೆ, ಯಾರೂ ಕೇಳದೆ, ನನ್ನ ಕೈಯೇ ಮಾಡಿದ್ದು.

ಉಳಿದ ಐದನ್ನು ಬಿಡಿಸಿಟ್ಟುಕೊಂಡು ಉಚ್ಚಿಲಕ್ಕೆ ಹೋದೆ. ನಿರ್ಮಾಪಕರ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತೆ. ಅದರಲ್ಲಿ ಏಳನೆಯ ಪ್ರತಿಯೂ ಇತ್ತು, ಒತ್ತದೆ ಬಿಟ್ಟದ್ದೂ ಇತ್ತು. ಎರಡನ್ನೂ ಕಿವಿಗೆ ಸರಾಸರಿ ಒಂದೇ ಜೋರು ಕೇಳುವ ಹಾಗೆ ಅಳೆದು ಹೊಂದಿಸಿಕೊಂಡಿದ್ದೆ.

“ಹೀಗೆ ಯಾಕೆ?” ಎಂದು ಕೇಳಿದರು.

“ಈಗಿನ ಆ್ಯಪುಗಳು ಬಹಳಷ್ಟು ಹೀಗೇ ಮಾಡ್ತಾವೆ. ಎಲ್ಲರ ಹಾಡನ್ನೂ ಅಳೆದು, ಜೋರಿನದ್ದನ್ನು ತಾವೇ ತಗ್ಗಿಸ್ತಾವೆ. ನಾವು ಎಷ್ಟು ನೂಕಿದರೂ ಅವು ಅಷ್ಟೇ ಇಳಿಸಿ ಇಡ್ತಾವೆ. ಯಾವುದು ಯಾವುದು ಅಂತ ನಾನು ಹೇಳುವುದಿಲ್ಲ. ಒಂದು, ಎರಡು, ಅಷ್ಟೆ.”

ಕಾಪುವಿನ ಕಡೆ ಹೊರಟೆವು. ಡೋಲು ಸೇರುವ ಭಾಗವನ್ನು ಹಾಕಿದೆ. ಒಂದು. ಎರಡು. ಮತ್ತೆ ಒಂದು. ಅವರು ಸ್ಟೇರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದವರು ಒಂದಕ್ಕೆ ನಿಲ್ಲಿಸುತ್ತಿದ್ದರು, ಎರಡಕ್ಕೆ ಮುಂದುವರಿಸುತ್ತಿದ್ದರು. ನಾನು ಅದನ್ನು ನೋಡುತ್ತಿದ್ದೆ. ಅವರಿಗೆ ಅದರ ಪರಿವೆ ಇರಲಿಲ್ಲ.

“ಎರಡನೆಯದು,” ಎಂದರು. “ಡೋಲು ಎದೆಗೆ ಬಡೀತದೆ. ಒಂದನೆಯದು ಗೋಡೆಯ ಹಾಗೆ ಉಂಟು. ಎರಡನೆಯದು ಏಳನೆಯ ಪ್ರತಿ ಅಲ್ವಾ?”

“ಅಲ್ಲ. ಒಂದನೆಯದು ಏಳನೆಯ ಪ್ರತಿ.”

ಅವರು ಕಾರನ್ನು ಬದಿಗೆ ತೆಗೆದು ನಿಲ್ಲಿಸಿದರು. ಮತ್ತೊಮ್ಮೆ ಹಾಕಿ ಎಂದರು, ಪರದೆಯನ್ನು ತಾವೇ ನೋಡುತ್ತ ಕೇಳಿದರು. ಆಮೇಲೆ ನಕ್ಕರು, ಅಷ್ಟೇನೂ ಖುಷಿಯಿಂದಲ್ಲ.

“ಸರಿ, ಒಪ್ಪಿದೆ. ಈಗ ನನ್ನದೂ ಒಂದು ಕೇಳಿ.” ಕಾರು ಹೊರಡಿಸಿ ವೇಗ ಹಿಡಿಸಿದರು. “ಈಗ ನಿಮ್ಮ ಆನಂದಭೈರವಿಯ ಸುರು ಹಾಕಿ. ಕೇಳ್ತದಾ?”

ಹಾಕಿದೆ. ಎ.ಸಿ.ಯ ಗಾಳಿ, ಟೈರು, ಪಕ್ಕದಲ್ಲಿ ಹೋದ ಮೀನಿನ ಲಾರಿ. ಗಡಿಯಾರ ನೋಡಿಕೊಂಡೆ. ಮೊದಲ ಸ್ವರ ಕೇಳಿಸಿದ್ದು ಅರ್ಧ ನಿಮಿಷವಾದ ಮೇಲೆ.

“ಇಲ್ಲ,” ಎಂದೆ.

“ನಾನು ಸುಮ್ಮನೆ ಗಲಾಟೆ ಮಾಡಿದ್ದಲ್ಲ ಮೇಡಂ. ನಮ್ಮ ಜನ ಕೇಳುವುದು ಹೀಗೇ. ಕಂಬಳಿ ಹಾಕಿದ ಕೋಣೆಯಲ್ಲಿ ಅಲ್ಲ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾಲ್ಕು ಪ್ರತಿಗಳವರೆಗೆ ನಾನು ಅವರಿಗೆ ಕೊಟ್ಟದ್ದು ನನ್ನ ಕೋಣೆಯಲ್ಲಿ ಮಾತ್ರ ಬದುಕುವಂಥದ್ದು, ಆಮೇಲೆ ಕೊಟ್ಟದ್ದು ಎಲ್ಲಿಯೂ ಬದುಕದ್ದು. ನಡುವಿನ ದಾರಿಯನ್ನು ನಾನು ಹುಡುಕಿರಲೇ ಇಲ್ಲ.

“ಕೈಯಿಂದ ಏರಿಸ್ತೇನೆ,” ಎಂದೆ. “ಯಂತ್ರದಿಂದ ಬೇಡ. ಮೆಲ್ಲಗಿನ ಸ್ವರಗಳನ್ನು ಒಂದೊಂದೇ ನೋಡಿ ಸ್ವಲ್ಪ ಸ್ವಲ್ಪ ಎತ್ತುತ್ತೇನೆ. ಏರಿದ್ದರ ತಲೆ ಮುಟ್ಟುವುದಿಲ್ಲ. ನಿಮ್ಮ ಕಾರಿನಲ್ಲಿ ಎಲ್ಲವೂ ಕೇಳಲಿಕ್ಕಿಲ್ಲ. ಆದರೆ ಯಾರೋ ಊದ್ತಾ ಇದ್ದಾರೆ ಅಂತ ಗೊತ್ತಾಗ್ತದೆ.”

“ಜನ ಕಂಪ್ಲೇಂಟ್ ಮಾಡಿದರೆ ನಿಮ್ಮ ನಂಬರ್ ಕೊಡ್ತೇನೆ.”

“ಕೊಡಿ.”

ಐದು ದಿನ ಹಿಡಿಯಿತು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು, ನಡುವೆ ಕಿವಿಗೆ ಬಿಡುವು. ಒಂದು ಬೆರಳು ಸದ್ದು ಏರಿಸಿ ಇಳಿಸುವ ಫೇಡರಿನ ಮೇಲೆ, ಕಣ್ಣು ಮುಚ್ಚಿ. ಅವರು ಉಸಿರು ತೆಗೆಯುವಾಗ ಇಳಿಸಬೇಕು, ಸ್ವರ ಹುಟ್ಟುವ ಮುಂಚೆಯೇ ಏರಿಸಿರಬೇಕು. ಸ್ವರ ಬಂದ ಮೇಲೆ ಏರಿಸಿದರೆ ಯಾರೋ ತಳ್ಳಿದ ಹಾಗೆ ಕೇಳುತ್ತದೆ. ಒಂದು ರಾಗಕ್ಕೆ ಹತ್ತಾರು ಸಲ ಮಾಡಿ ಅಳಿಸಿದೆ. ಮೂರನೆಯ ದಿನದ ಹೊತ್ತಿಗೆ ಅವರು ಎಲ್ಲಿ ಉಸಿರು ತೆಗೆಯುತ್ತಾರೋ ಅಲ್ಲಿ ನಾನೂ ತೆಗೆಯುತ್ತಿದ್ದೆ. ಕಿವಿಯ ಕೀರಲು ಯಾವಾಗ ನಿಂತಿತೆಂದು ಗಮನಿಸಲಿಲ್ಲ.

ನಿರ್ಮಾಪಕರು ಕಾರಿನಲ್ಲಿ ಕೇಳಿ, “ಆಯ್ತು. ಸುರು ಈಗಲೂ ಸ್ವಲ್ಪ ಕಡಿಮೆಯೇ. ಇರಲಿ,” ಎಂದರು. “ಮೋಹನ ಎಲ್ಲಿ?” ಎಂದೂ ಕೇಳಿದರು. ಮೊದಲು ವಾದಕರ ಹತ್ತಿರ ಹೇಳಬೇಕು, ಆಮೇಲೆ ನಿಮಗೆ ಹೇಳುತ್ತೇನೆ ಎಂದೆ.

ಕುಕ್ಕುಂದೂರಿನ ಅವರ ಮನೆಗೆ ಹೋದಾಗ ಮಧ್ಯಾಹ್ನ. ಅವರು ಜಗಲಿಯಲ್ಲಿ ಕೂತಿದ್ದರು. ಹಲ್ಲಿಲ್ಲದ ಮೇಲ್ತುಟಿ ಒಳಕ್ಕೆ ಹೋಗಿ ಮುಖವೇ ಬೇರೆಯಾಗಿತ್ತು. ಮಾತಾಡುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅವರ ಹೆಂಡತಿ ನನಗೆ ಬೆಲ್ಲ, ನೀರು ಕೊಟ್ಟು ಒಳಗೆ ಅಡುಗೆಮನೆಗೆ ಹೋದರು.

ಮೋಹನದ ವಿಷಯವನ್ನೇ ಮೊದಲು ಹೇಳಿದೆ. ಯಾಕೆ ಹಾಗೆ ಮಾಡಿದೆ, ಯಾಕೆ ಸರಿಪಡಿಸಲು ಆಗುವುದಿಲ್ಲ, ಎಲ್ಲ. ಅವರು ಅಂಗಳದ ಕಡೆ ನೋಡುತ್ತಿದ್ದರು.

“ಅದು ಚೆನ್ನಾಗಿ ಬಂದಿತ್ತು ಅಲ್ವಾ?”

“ಹೌದು. ಎಲ್ಲಕ್ಕಿಂತ ಚೆನ್ನಾಗಿ.”

“ನನಗೂ ಹಾಗೇ ಕಂಡಿತ್ತು.”

ಅಷ್ಟೇ ಹೇಳಿದರು. ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ನನಗೆ ಅಲ್ಲಿ ಕೂತಿರಲು ಆಗುತ್ತಿರಲಿಲ್ಲ. ಆಮೇಲೆ, “ಅದನ್ನು ಎಲ್ಲಿಯೂ ಹಾಕುವುದು ಬೇಡ. ಐದು ಸಾಕು,” ಎಂದರು.

ಹೆಡ್‌ಫೋನ್ ಮುಂದಿಟ್ಟೆ. ಅವರು ಬೇಡವೆಂದು ತಲೆಯಾಡಿಸಿ, ನಾನು ತಂದಿದ್ದ ಸಣ್ಣ ಸ್ಪೀಕರನ್ನು ತೋರಿಸಿದರು. ಜಗಲಿಯ ಕಟ್ಟೆಯ ಮೇಲೆ ಇಟ್ಟು ಆನಂದಭೈರವಿ ಹಾಕಿದೆ. ಗಾಳಿ. ಗಾಳಿಯ ತುದಿಗೆ ಸ್ವರ. ಅವರ ಅಂಗೈ ಬಾಯಿಯಿಂದ ಕೆಳಗಿಳಿಯಿತು. ಖಾಲಿ ಕೈಗಳ ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಒತ್ತತೊಡಗಿದವು.

“ಆ ದಿನ ನಾನು ಕೇಳಿದ್ದು ಇದನ್ನೇ,” ಎಂದರು.

ಒಳಗಿನಿಂದ ಅವರ ಹೆಂಡತಿಯ ಸ್ವರ ಬಂತು. “ಎಂತ ಹಾಕಿದ್ದು ಅದು? ಇಲ್ಲಿಗೆ ಏನೂ ಕೇಳುವುದಿಲ್ಲ. ಸ್ವಲ್ಪ ದೊಡ್ಡ ಮಾಡಿ.”

ನಾನು ಸ್ಪೀಕರಿನ ಕಡೆಗೆ ಕೈ ಚಾಚಿದೆ. ಅವರು ನನ್ನ ಕೈ ತಡೆದರು.

“ದೊಡ್ಡ ಆಗುವುದಿಲ್ಲ,” ಎಂದು ಒಳಗಿನ ಕಡೆಗೆ ಹೇಳಿದರು. “ನೀನೇ ಇಲ್ಲಿ ಹತ್ತಿರ ಬಾ.”

ಪಾತ್ರೆಯ ಸದ್ದು ನಿಂತಿತು. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಗಂಡನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ತಲೆಯನ್ನು ಸ್ಪೀಕರಿನ ಕಡೆಗೆ ಬಾಗಿಸಿದರು.